ಮಧುಮೇಹಿಗಳ ದೃಷ್ಟಿಪರೀಕ್ಷೆ: ತಿಮಿರಾದಿ ಶಬ್ದಗಳ ಅರ್ಥವಿಮರ್ಶೆ

೧

ವೈದ್ಯವಿಷಯವನ್ನು ಕನ್ನಡದಲ್ಲಿ ನಿರೂಪಿಸುವ ಕಾರ್ಯವು ಈಚಿನದಲ್ಲ. ಹನ್ನೆರಡನೆಯ ಶತಮಾನದ ಕೀರ್ತಿವರ್ಮನ ಗೋವೈದ್ಯ, ಅದೇ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ, ಇವೆಲ್ಲವೂ ಸಂಸ್ಕೃತವನ್ನರಿಯದವರಿಗೂ ಶಾಸ್ತ್ರಾರ್ಥವು ತಿಳಿಯಲೆಂಬ ಉದ್ದೇಶದಿಂದ ಹುಟ್ಟಿದವು. ಇಂದು ಆ ಪರಂಪರೆಗೆ ಉತ್ತರಾಧಿಕಾರಿಗಳು ಕವಿಗಳಲ್ಲ. ಆಸ್ಪತ್ರೆಗಳಲ್ಲಿ ಹಂಚುವ ಕರಪತ್ರಗಳು, ವೃತ್ತಪತ್ರಿಕೆಗಳ ಆರೋಗ್ಯಲೇಖನಗಳು, ಶಾಲೆಯ ಪಾಠಪುಸ್ತಕಗಳು. ಪ್ರಾಚೀನ ಗ್ರಂಥಗಳಲ್ಲಿ ಒಂದು ಪಾಠಾಂತರವಿದ್ದರೂ ಪಂಡಿತರು ಅದನ್ನು ಕುರಿತು ಚರ್ಚಿಸುತ್ತಾರೆ. ಆದರೆ ಅವುಗಳಿಗಿಂತ ನೂರುಪಾಲು ಹೆಚ್ಚು ಜನ ಓದತಕ್ಕ ಈ ಹೊಸ ವೈದ್ಯವಾಙ್ಮಯದ ಶಬ್ದಗಳನ್ನು ಯಾರೂ ತೂಗಿ ನೋಡುವುದಿಲ್ಲ. ಶಬ್ದವು ತಪ್ಪಿದರೆ ಕಾವ್ಯದಲ್ಲಿ ರಸಭಂಗವಾದೀತು. ವೈದ್ಯದಲ್ಲಿ ಅಂಗಭಂಗವೇ ಆದೀತು. ಮಧುಮೇಹವುಳ್ಳ ಪ್ರಾಯಸ್ಥರ ದೃಷ್ಟಿಪರೀಕ್ಷೆಯ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯವಾಗಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಈ ದೇಶದ ಮಧುಮೇಹಿಗಳ ಸಂಖ್ಯೆ ಸುಮಾರು ೧೦ ಕೋಟಿ ೧೦ ಲಕ್ಷ. ೨೦೧೫ರಿಂದ ೨೦೧೯ರ ವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ, ಐವತ್ತು ವರ್ಷ ಮೀರಿದ ಮಧುಮೇಹಿಗಳ ಪೈಕಿ ಶೇಕಡಾ ೧೬.೯ ಮಂದಿಯ ಕಣ್ಣಿನ ಒಳಪದರದಲ್ಲಿ ಆ ರೋಗದಿಂದುಂಟಾದ ವಿಕಾರವು ಕಂಡುಬಂದಿತು. ಇದನ್ನೇ ವೈದ್ಯರು ಡಯಾಬಿಟಿಕ್ ರೆಟಿನೋಪತಿ ಎನ್ನುತ್ತಾರೆ. ಈ ರೋಗವನ್ನು ಕನ್ನಡದಲ್ಲಿ ಯಾವ ಹೆಸರಿನಿಂದ ಕರೆಯಬೇಕು, ಅದನ್ನು ಕಂಡುಹಿಡಿಯುವ ಪರೀಕ್ಷೆಯನ್ನು ಯಾವ ಮಾತಿನಿಂದ ತಿಳಿಸಬೇಕು ಎಂಬುದೇ ಇಲ್ಲಿಯ ವಿಚಾರ.

೨

ಈ ವಿಷಯದಲ್ಲಿ ಒಂದು ಪೂರ್ವಪಕ್ಷವುಂಟು. ಡಯಾಬಿಟಿಕ್ ರೆಟಿನೋಪತಿಯೆಂಬುದು ಹೊಸ ರೋಗವಲ್ಲ. ಸುಶ್ರುತಾಚಾರ್ಯನು ತಿಮಿರವೆಂದು ಹೇಳಿರುವುದೇ ಇದು. ಆದುದರಿಂದ ತಿಮಿರವೆಂಬ ಸಿದ್ಧಶಬ್ದವಿರಲು ಹೊಸ ಶಬ್ದವನ್ನು ಹುಡುಕುವುದು ವ್ಯರ್ಥಶ್ರಮ ಎಂಬುದು ಈ ಪಕ್ಷದವರ ಆಶಯ. ಅವರು ಕೊಡುವ ಆಧಾರಗಳು ಅಲ್ಪವಾದುವಲ್ಲವಾದುದರಿಂದ ಮೊದಲು ಅವನ್ನು ಯಥಾರ್ಥವಾಗಿ ಹೇಳುವುದು ನ್ಯಾಯ.

ಸುಶ್ರುತಸಂಹಿತೆಯ ಉತ್ತರತಂತ್ರದ ಏಳನೆಯ ಅಧ್ಯಾಯದಲ್ಲಿ ದೃಷ್ಟಿಗತವಾದ ರೋಗಗಳ ನಿರೂಪಣೆಯಿದೆ. ಕಣ್ಣಿನಲ್ಲಿ ನಾಲ್ಕು ಪಟಲಗಳಿವೆಯೆಂದೂ, ದೋಷವು ಒಂದೊಂದೇ ಪಟಲವನ್ನು ಆಕ್ರಮಿಸುತ್ತ ಹೋಗುವುದೆಂದೂ ಆಚಾರ್ಯನ ಮತ. ಪ್ರಥಮ ಪಟಲದಲ್ಲಿ ದೋಷವಿರುವಾಗ ರೋಗಿಗೆ ರೂಪಗಳು ಅಸ್ಫುಟವಾಗಿ ತೋರುತ್ತವೆ. ದ್ವಿತೀಯ ಪಟಲಕ್ಕೆ ಬಂದಾಗ ಇಲ್ಲದ ನೊಣ, ಸೊಳ್ಳೆ, ಕೂದಲು, ಬಲೆ ಮೊದಲಾದುವು ಕಣ್ಣ ಮುಂದೆ ಸುಳಿಯುತ್ತವೆ. ದೂರದ್ದು ಹತ್ತಿರವಾಗಿಯೂ ಹತ್ತಿರದ್ದು ದೂರವಾಗಿಯೂ ಕಾಣುತ್ತದೆ. ಎಷ್ಟು ಪ್ರಯತ್ನಿಸಿದರೂ ಸೂಜಿಯ ಕಣ್ಣು ಗೋಚರಿಸುವುದಿಲ್ಲ. ತೃತೀಯ ಪಟಲದಲ್ಲಿ ಮೇಲಿನದು ಕಂಡರೂ ಕೆಳಗಿನದು ಕಾಣುವುದಿಲ್ಲ. ದೊಡ್ಡ ವಸ್ತುಗಳೂ ಬಟ್ಟೆ ಮುಚ್ಚಿದಂತೆ ತೋರುತ್ತವೆ. ಚತುರ್ಥ ಪಟಲವನ್ನು ಮುಟ್ಟಿದಾಗ ದೃಷ್ಟಿಯೇ ಮುಚ್ಚಿಹೋಗಿ, ಸೂರ್ಯ ಚಂದ್ರ ನಕ್ಷತ್ರ ವಿದ್ಯುತ್ತು ಮುಂತಾದ ತೇಜಸ್ಸುಗಳು ಮಾತ್ರ ಕಾಣುತ್ತವೆ. ಇದಕ್ಕೆ ಲಿಂಗನಾಶವೆಂದು ಹೆಸರು. ದೋಷಭೇದದಿಂದ ಇದು ಆರು ವಿಧವಾಗಿದ್ದು ಅವುಗಳಲ್ಲಿ ರಕ್ತಜವೆಂಬುದೂ ಒಂದು.

ಮಧುಮೇಹದಿಂದ ಕಣ್ಣಿನ ಒಳಪದರದ ಸೂಕ್ಷ್ಮ ರಕ್ತನಾಳಗಳು ಒಡೆದಾಗ ಕಣ್ಣೊಳಗಿನ ಸ್ವಚ್ಛದ್ರವ್ಯದಲ್ಲಿ ರಕ್ತವು ಸೇರಿ, ರೋಗಿಗೆ ಕಪ್ಪು ಚುಕ್ಕೆಗಳೂ ಎಳೆಗಳೂ ಬಲೆಯಂತಹ ಛಾಯೆಯೂ ತೋರುವುದುಂಟು. ಸುಶ್ರುತನ ನೊಣ, ಕೂದಲು, ಬಲೆಗಳಿಗೂ ಇವಕ್ಕೂ ಸಾದೃಶ್ಯವು ಸ್ಪಷ್ಟ. ರಕ್ತಜವೆಂಬ ಹೆಸರೂ ಇದಕ್ಕೆ ಅನುಗುಣ. ಇನ್ನು ಮಧುಮೇಹವಂತೂ ಚರಕಸುಶ್ರುತರಿಬ್ಬರೂ ವಿಸ್ತರವಾಗಿ ಹೇಳಿರುವ ರೋಗ. ಹೀಗಿರಲು ಎರಡನ್ನೂ ಕೂಡಿಸಿ, ಪ್ರಮೇಹದಿಂದ ಹುಟ್ಟಿದ ತಿಮಿರವೇ ಡಯಾಬಿಟಿಕ್ ರೆಟಿನೋಪತಿ ಎಂದರೆ ಬಾಧಕವೇನು? ಇದು ಪೂರ್ವಪಕ್ಷದ ಸಾರಾಂಶ.

೩

ಬಾಧಕವು ಎರಡು ವಿಧವಾಗಿದೆ. ಮೊದಲನೆಯದು ಗ್ರಂಥದ ಸಾಕ್ಷ್ಯಕ್ಕೆ ಸಂಬಂಧಿಸಿದುದು.

ಎರಡು ರೋಗಗಳನ್ನು ಬೇರೆಬೇರೆ ಅಧ್ಯಾಯಗಳಲ್ಲಿ ಹೇಳಿರುವುದರಿಂದ ಅವೆರಡರ ಕಾರ್ಯಕಾರಣಸಂಬಂಧವನ್ನೂ ಹೇಳಿದಂತಾಗಲಿಲ್ಲ. ಸಂಬಂಧವು ವಿವಕ್ಷಿತವಾಗಿದ್ದರೆ ಅದು ಎರಡು ಸ್ಥಳಗಳಲ್ಲೊಂದರಲ್ಲಿ ಕಾಣಬೇಕು: ಪ್ರಮೇಹದ ಉಪದ್ರವಗಳ ಪಟ್ಟಿಯಲ್ಲಿ ದೃಷ್ಟಿಹಾನಿಯನ್ನು ಹೇಳಿರಬೇಕು; ಅಥವಾ ನೇತ್ರರೋಗಗಳ ನಿದಾನದಲ್ಲಿ ಪ್ರಮೇಹವನ್ನು ಹೇಳಿರಬೇಕು. ಚರಕನು ನಿದಾನಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಕಫಜ ಹತ್ತು, ಪಿತ್ತಜ ಆರು, ವಾತಜ ನಾಲ್ಕು ಎಂದು ಇಪ್ಪತ್ತು ಪ್ರಮೇಹಗಳನ್ನು ವಿವರಿಸಿ, ಉಪದ್ರವಗಳಾಗಿ ತೃಷೆ, ಅತಿಸಾರ, ಜ್ವರ, ದಾಹ, ದೌರ್ಬಲ್ಯ, ಅರುಚಿ, ಅಜೀರ್ಣ, ಪಿಡಕೆ, ವಿದ್ರಧಿ ಮೊದಲಾದುವನ್ನು ಹೇಳುತ್ತಾನೆ. ದೃಷ್ಟಿಯ ಮಾತಿಲ್ಲ. ಸುಶ್ರುತನ ನಿದಾನಸ್ಥಾನದ ಆರನೆಯ ಅಧ್ಯಾಯದಲ್ಲಿ ಪಿತ್ತಜ ಪ್ರಮೇಹದ ಉಪದ್ರವಗಳನ್ನೆಣಿಸುವಾಗ ಕಣ್ಣಿನ ಪ್ರಸ್ತಾಪವೊಂದು ಬರುತ್ತದೆ. ಅವಸರದ ಓದುಗನು ಇದನ್ನು ಹಿಡಿದು ಸಾಕ್ಷ್ಯವು ದೊರಕಿತೆನ್ನಬಹುದು. ಆದರೆ ಅಲ್ಲಿ ಹೇಳಿರುವುದು ಮಲಮೂತ್ರಗಳೊಡನೆ ಕಣ್ಣೂ ಹಳದಿಯಾಗುವುದನ್ನು, ನೋಟವು ಕುಗ್ಗುವುದನ್ನಲ್ಲ. ಇನ್ನು ಉತ್ತರತಂತ್ರದ ಮೊದಲನೆಯ ಅಧ್ಯಾಯದಲ್ಲಿ ನೇತ್ರರೋಗಗಳಿಗೆ ಕಾರಣವಾಗಿ, ಬಿಸಿಲಿನಿಂದ ಕಾದ ದೇಹದೊಡನೆ ನೀರಿಗಿಳಿಯುವುದು, ಬಹುದೂರವನ್ನು ದಿಟ್ಟಿಸುವುದು, ನಿದ್ರೆಯ ವ್ಯತ್ಯಾಸ, ಅಳು, ಕೋಪ, ಶೋಕ, ಪೆಟ್ಟು, ಹುರುಳಿ ಉದ್ದುಗಳ ಅತಿಸೇವನೆ, ವೇಗಗಳನ್ನು ತಡೆಯುವುದು, ಹೊಗೆ ಮುಂತಾದುವು ಹೇಳಲ್ಪಟ್ಟಿವೆ. ಪ್ರಮೇಹವು ಅಲ್ಲಿಯೂ ಇಲ್ಲ.

ರಕ್ತಜವೆಂಬ ಶಬ್ದದಿಂದಲೂ ಪ್ರಯೋಜನವಾಗದು. ಅಲ್ಲಿ ರಕ್ತವು ವಾತಪಿತ್ತಕಫಗಳ ಸಾಲಿನಲ್ಲಿ ವಿಕಾರಕಾರಣವಾಗಿ ನಿಂತಿದೆ; ರೋಗಿಗೆ ಯಾವ ಬಣ್ಣವು ತೋರುವುದೆಂಬುದು ಅದರ ಚಿಹ್ನೆ. ನಾಳವೊಡೆದು ಸುರಿದ ರಕ್ತವನ್ನು ವೈದ್ಯನು ಕಂಡನೆಂಬ ಅರ್ಥ ಅಲ್ಲಿಲ್ಲ.

ಎರಡನೆಯ ಬಾಧಕವು ಲಕ್ಷಣಕ್ಕೆ ಸಂಬಂಧಿಸಿದುದು. ಇದೇ ಹೆಚ್ಚು ಮುಖ್ಯ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳಿರಬಾರದೆಂಬುದು ತರ್ಕವನ್ನು ಆರಂಭಿಸಿದ ವಿದ್ಯಾರ್ಥಿಗೂ ಗೊತ್ತು. ಅಸ್ಫುಟದರ್ಶನ, ಮಕ್ಷಿಕಾದಿದರ್ಶನಗಳನ್ನು ಮಧುಮೇಹಜ ನೇತ್ರವಿಕಾರದ ಲಕ್ಷಣವೆಂದು ಇಟ್ಟುಕೊಂಡರೆ ಮೊದಲೆರಡು ದೋಷಗಳೂ ಒಟ್ಟಿಗೆ ಬರುತ್ತವೆ. ವಯಸ್ಸಾದಂತೆ ಕಣ್ಣೊಳಗಿನ ದ್ರವ್ಯವು ತಿಳಿಯಾಗಿ ಎಳೆಗಟ್ಟುವುದರಿಂದ, ಮಧುಮೇಹವಿಲ್ಲದವರಿಗೂ ನೊಣದಂತಹ ಚುಕ್ಕೆಗಳು ತೋರುತ್ತವೆ. ಇದು ಅತಿವ್ಯಾಪ್ತಿ. ಮಧುಮೇಹದಿಂದ ಒಳಪದರವು ಕೆಟ್ಟಿದ್ದರೂ ಬಹುಕಾಲ ರೋಗಿಗೆ ಒಂದು ಚುಕ್ಕೆಯೂ ತೋರದೆ, ನೋಟವು ಕಿಂಚಿತ್ತೂ ಕುಗ್ಗದೆ ಇರಬಹುದು. ಇದು ಅವ್ಯಾಪ್ತಿ. ಈ ಅವ್ಯಾಪ್ತಿಯು ಕೇವಲ ಶಾಸ್ತ್ರಚರ್ಚೆಯ ದೋಷವಲ್ಲ. ಚಿಕಿತ್ಸೆಯು ಸುಲಭವಾಗಿ ಫಲಿಸತಕ್ಕ ಕಾಲವೇ ಆ ನಿರ್ಲಕ್ಷಣವಾದ ಕಾಲ.

ಹಾಗಾದರೆ ಹಳೆಯ ಶಬ್ದವನ್ನು ಹೊಸ ರೋಗಕ್ಕೆ ಬಳಸುವುದೇ ತಪ್ಪೇ ಎಂಬ ಶಂಕೆ ಹುಟ್ಟಬಹುದು. ಹಾಗಲ್ಲ. ಮಧುಮೇಹವೆಂಬ ಶಬ್ದವನ್ನೇ ನೋಡಬಹುದು. ಚರಕನಲ್ಲಿ ಅದು ವಾತಜವಾದ ನಾಲ್ಕರಲ್ಲಿ ಒಂದು. ಆ ಸ್ಥಾನದಲ್ಲಿ ಸುಶ್ರುತನು ಕ್ಷೌದ್ರಮೇಹವೆನ್ನುತ್ತಾನೆ. ಉಪೇಕ್ಷಿಸಿದ ಪ್ರಮೇಹಗಳೆಲ್ಲವೂ ಕಾಲಾಂತರದಲ್ಲಿ ಮಧುಮೇಹವಾಗಿ ಪರಿಣಮಿಸುವುವೆಂದೂ ಸುಶ್ರುತನೇ ಹೇಳಿರುವುದರಿಂದ, ಇಂದು ಆ ಶಬ್ದವನ್ನು ಸಕ್ಕರೆ ಕಾಯಿಲೆಯೆಲ್ಲಕ್ಕೂ ವ್ಯಾಪಿಸಿರುವುದಕ್ಕೆ ಗ್ರಂಥಾಧಾರವಿದೆ. ಆ ಹೆಸರು ಹೇಳುವ ಮಾಧುರ್ಯವು ರೋಗದಲ್ಲಿಯೂ ಇದೆ. ಅಂದರೆ ಶಬ್ದದ ಪ್ರವೃತ್ತಿನಿಮಿತ್ತವು ವಸ್ತುವಿನಲ್ಲಿ ಉಳಿದಿದೆ. ತಿಮಿರಶಬ್ದದ ಪ್ರವೃತ್ತಿನಿಮಿತ್ತವು ಕತ್ತಲೆ. ಅದು ಪ್ರಕೃತ ರೋಗದ ಆರಂಭದಲ್ಲಿಲ್ಲ, ಅಂತ್ಯದಲ್ಲಿದೆ. ಅಂತ್ಯದ ಹೆಸರನ್ನು ಆರಂಭಕ್ಕಿಟ್ಟರೆ, ಕತ್ತಲೆಯಾಗುವ ತನಕ ರೋಗವಿಲ್ಲವೆಂದು ಜನರು ತಿಳಿಯುವುದು ಸ್ವಾಭಾವಿಕ.

೪

ಈ ಮಾತು ಸ್ಪಷ್ಟವಾಗಬೇಕಾದರೆ ಪರೀಕ್ಷೆಯ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಕಣ್ಣನ್ನು ಪರೀಕ್ಷಿಸುವುದೆಂಬ ಒಂದೇ ಮಾತಿನಲ್ಲಿ ಎರಡು ಭಿನ್ನಕ್ರಿಯೆಗಳು ಅಡಗಿವೆ. ರೋಗಿಯು ಏನನ್ನು ಕಾಣುತ್ತಾನೆಂಬುದನ್ನು ತಿಳಿಯುವುದು ಒಂದು. ರೋಗಿಯ ಕಣ್ಣಿನಲ್ಲಿ ವೈದ್ಯನು ಏನನ್ನು ಕಾಣುತ್ತಾನೆಂಬುದು ಇನ್ನೊಂದು. ಮೊದಲನೆಯದರಲ್ಲಿ ರೋಗಿಯು ಸಾಕ್ಷಿ, ಎರಡನೆಯದರಲ್ಲಿ ವೈದ್ಯನು ಸಾಕ್ಷಿ.

ಮೊದಲನೆಯದಕ್ಕೆ ನಿಯತವಾದ ಮಾನವನ್ನು ೧೮೬೨ರಲ್ಲಿ ಹಾಲೆಂಡಿನ ಉಟ್ರೆಕ್ಟ್ ನಗರದ ಹರ್ಮನ್ ಸ್ನೆಲೆನ್ ಎಂಬಾತನು ಕಲ್ಪಿಸಿದನು. ಮೇಲಿನಿಂದ ಕೆಳಕ್ಕೆ ಕಿರಿದಾಗುತ್ತ ಹೋಗುವ ಅಕ್ಷರಗಳ ಫಲಕವನ್ನು ಆರು ಮೀಟರ್ ದೂರದಲ್ಲಿಟ್ಟು ಒಂದೊಂದೇ ಕಣ್ಣಿನಿಂದ ಓದಿಸುವರು. ೬/೧೮ ಎಂದರೆ, ನಿರ್ದೋಷವಾದ ಕಣ್ಣು ೧೮ ಮೀಟರ್ ದೂರದಿಂದ ಓದಬಲ್ಲ ಅಕ್ಷರವನ್ನು ಈ ರೋಗಿಯ ಕಣ್ಣು ೬ ಮೀಟರಿಗೆ ಬಂದು ಓದಿತೆಂದು ಅರ್ಥ. ಕನ್ನಡ ಅಕ್ಷರಗಳ ಫಲಕಗಳೂ ಬಳಕೆಯಲ್ಲಿವೆ. ಓದಲು ತಡವರಿಸಿದವನ ಕಣ್ಣಿನ ಮುಂದೆ ಸಣ್ಣ ರಂಧ್ರವುಳ್ಳ ತಗಡನ್ನು ಹಿಡಿದು ಮತ್ತೆ ಓದಿಸುವುದುಂಟು. ರಂಧ್ರದ ಮೂಲಕ ಅಕ್ಷರವು ತಿಳಿಯಾದರೆ ದೋಷವು ಪ್ರಾಯಃ ಕನ್ನಡಕದಿಂದ ಸರಿಹೋಗತಕ್ಕದ್ದು, ತಿಳಿಯಾಗದಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಸುಶ್ರುತನ ಸೂಜಿಯ ಕಣ್ಣಿಗೂ ಇದಕ್ಕೂ ಹೋಲಿಕೆಯನ್ನು ತರಬಾರದು. ಅಲ್ಲಿ ರಂಧ್ರವು ನೋಡತಕ್ಕ ವಸ್ತು. ಇಲ್ಲಿ ಅದು ನೋಟಕ್ಕೆ ಸಾಧನ. ಚೌಕಗಳುಳ್ಳ ಜಾಲದಂತಹ ಇನ್ನೊಂದು ಫಲಕವೂ ಉಂಟು. ಸ್ವಿಟ್ಜರ್ಲೆಂಡಿನ ಮಾರ್ಕ್ ಆಮ್ಸ್ಲರ್ ಎಂಬಾತನ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಅದರ ಗೆರೆಗಳು ರೋಗಿಗೆ ಸೊಟ್ಟಗೆ ತೋರಿದರೆ ಒಳಪದರದ ಮಧ್ಯಭಾಗದಲ್ಲಿ ವಿಕಾರವಿರಬಹುದೆಂದು ಊಹಿಸುವರು. ಇವೆಲ್ಲವೂ ರೋಗಿಯ ಮಾತನ್ನೇ ಅವಲಂಬಿಸಿದ ಪರೀಕ್ಷೆಗಳು.

ಎರಡನೆಯ ಪರೀಕ್ಷೆಯು ೧೮೫೧ಕ್ಕಿಂತ ಮೊದಲು ಅಸಾಧ್ಯವಾಗಿತ್ತು. ಜೀವಂತ ಮನುಷ್ಯನ ಕಣ್ಣಿನ ಒಳಗು ಹೊರಗಿನವನಿಗೆ ಕತ್ತಲೆಯಾಗಿಯೇ ಕಾಣುತ್ತದೆ. ಆ ವರ್ಷ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪಂಡಿತನು ಒಳಗೆ ಬೆಳಕನ್ನು ಹಾಯಿಸಿ ಅದೇ ಮಾರ್ಗದಿಂದ ನೋಡುವ ಯಂತ್ರವನ್ನು ಪ್ರಕಟಪಡಿಸಿದನು. ಕೆಲವೇ ವರ್ಷಗಳಲ್ಲಿ, ೧೮೫೫-೫೬ರ ಸುಮಾರಿಗೆ, ವಿಯೆನ್ನಾದ ಎಡ್ವರ್ಡ್ ಯೇಗರನು ಮಧುಮೇಹಿಯ ಕಣ್ಣಿನ ಒಳಪದರದಲ್ಲಿ ಹಳದಿಯ ಕಲೆಗಳನ್ನೂ ರಕ್ತಸ್ರಾವವನ್ನೂ ಕಂಡು ವರ್ಣಿಸಿದನು. ಅವು ಮಧುಮೇಹದ ಫಲವೇ ಅಲ್ಲವೇ ಎಂಬುದರಲ್ಲಿ ಬಹುಕಾಲ ವಿವಾದವಿದ್ದಿತು. ಆ ಕಾಲದ ನೇತ್ರವೈದ್ಯರಲ್ಲಿ ಅಗ್ರಗಣ್ಯನಾದ ಫಾನ್ ಗ್ರೇಫೆಯೇ ಸಂಬಂಧವನ್ನು ಒಪ್ಪಲಿಲ್ಲ. ೧೮೯೦ರಲ್ಲಿ ಬರ್ಲಿನ್ನಿನ ಯೂಲಿಯುಸ್ ಹಿರ್ಷ್‌ಬರ್ಗನು ಈ ವಿಕಾರಗಳನ್ನು ವರ್ಗೀಕರಿಸಿದನು. ಈತನೇ ಮುಂದೆ ನೇತ್ರವೈದ್ಯದ ಬೃಹದಿತಿಹಾಸವನ್ನು ಬರೆದು ಅದರಲ್ಲಿ ಪ್ರಾಚೀನ ಭಾರತೀಯರಿಗೂ ಸ್ಥಾನವನ್ನು ಕೊಟ್ಟವನೆಂಬುದು ಇಲ್ಲಿ ಸ್ಮರಣೀಯ. ಯಂತ್ರವು ಕೈಯಲ್ಲಿದ್ದೂ, ಕಣ್ಣಿಗೆ ಕಾಣುತ್ತಿದ್ದೂ, ಸಂಬಂಧವನ್ನು ನಿಶ್ಚಯಿಸಲು ಯೂರೋಪಿನವರಿಗೆ ದಶಕಗಳು ಬೇಕಾದುವು. ಹೀಗಿರಲು ಯಂತ್ರವಿಲ್ಲದ ಕಾಲದ ಆಚಾರ್ಯರು ಅದನ್ನು ಹೇಳಲಿಲ್ಲವೆಂದರೆ ಅವರಿಗೆ ನ್ಯೂನತೆಯೇನೂ ಇಲ್ಲ; ಹೇಳಿದರೆಂದು ಸಾಧಿಸುವುದರಿಂದ ಗೌರವವೂ ಹೆಚ್ಚುವುದಿಲ್ಲ.

ಈಗ ಔಷಧದ ಹನಿಯಿಂದ ಪಾಪೆಯನ್ನು ಹಿಗ್ಗಿಸಿ ಒಳಪದರವನ್ನು ನೋಡುತ್ತಾರೆ; ಇಲ್ಲವೆ ಅದರ ಛಾಯಾಚಿತ್ರವನ್ನು ತೆಗೆಯುತ್ತಾರೆ. ಈ ಎರಡು ಪರೀಕ್ಷೆಗಳು ಎಷ್ಟರಮಟ್ಟಿಗೆ ಭಿನ್ನವೆಂಬುದಕ್ಕೆ ಎರಡು ಉದಾಹರಣೆಗಳು ಸಾಕು. ಮಧುಮೇಹಿಯೊಬ್ಬನು ಫಲಕದ ಕೊನೆಯ ಸಾಲನ್ನೂ ತಡೆಯಿಲ್ಲದೆ ಓದಿದನೆನ್ನಿ. ಅದೇ ದಿನ ಪಾಪೆಯನ್ನು ಹಿಗ್ಗಿಸಿ ನೋಡಿದರೆ ಅವನ ಒಳಪದರದ ಅಂಚುಗಳಲ್ಲಿ ರಕ್ತದ ಕಲೆಗಳೂ, ಒಡೆಯಲು ಸಿದ್ಧವಾಗಿರುವ ಹೊಸ ದುರ್ಬಲ ನಾಳಗಳೂ ಕಾಣಬಹುದು. ಓದುವುದಕ್ಕೆ ಬೇಕಾದದ್ದು ಮಧ್ಯದ ಹಳದಿ ಚುಕ್ಕೆಯೊಂದೇ. ಅದು ಕೆಡದಿರುವ ತನಕ ಅಕ್ಷರಗಳು ಸರಿಯಾಗಿಯೇ ಕಾಣುತ್ತವೆ. ಇದಕ್ಕೆ ವಿಪರೀತವಾಗಿ, ಇನ್ನೊಬ್ಬನಿಗೆ ಕೆಲವು ದಿನಗಳಿಂದ ಅಕ್ಷರಗಳು ಮಸುಕಾಗಿವೆ. ಒಳಪದರದಲ್ಲಿ ದೋಷವೇ ಇಲ್ಲ. ರಕ್ತದ ಸಕ್ಕರೆಯು ಏರಿಳಿದಾಗ ಕಣ್ಣಿನ ಮಸೂರದ ಬೆಳಕನ್ನು ಬಾಗಿಸುವ ಶಕ್ತಿಯು ವ್ಯತ್ಯಾಸವಾಗುವುದೇ ಅದಕ್ಕೆ ಕಾರಣ. ಸಕ್ಕರೆಯು ಹತೋಟಿಗೆ ಬಂದು ಕೆಲವು ವಾರಗಳು ಕಳೆದರೆ ನೋಟವು ತಾನಾಗಿ ತಿಳಿಯಾಗುತ್ತದೆ. ಆದುದರಿಂದಲೇ ಆ ಅವಧಿಯಲ್ಲಿ ಹೊಸ ಕನ್ನಡಕವನ್ನು ಮಾಡಿಸಬಾರದೆಂದು ವೈದ್ಯರು ಹೇಳುವುದು. ಒಬ್ಬನಲ್ಲಿ ರೋಗವಿದೆ, ಮಸುಕಿಲ್ಲ. ಇನ್ನೊಬ್ಬನಲ್ಲಿ ಮಸುಕಿದೆ, ಈ ರೋಗವಿಲ್ಲ. ರೋಗಿಯ ಸಾಕ್ಷ್ಯವು ಎರಡು ಕಡೆಯೂ ವ್ಯಭಿಚರಿಸುತ್ತದೆ.

ಎರಡನೆಯ ಪರೀಕ್ಷೆಯನ್ನು ಕಾಲಕ್ಕೆ ಸರಿಯಾಗಿ ಮಾಡಿಸಿದರೆ ಪ್ರಯೋಜನವು ನಿಶ್ಚಿತ. ಅಮೆರಿಕದಲ್ಲಿ ನಡೆದು ೧೯೭೬ರಲ್ಲಿ ಫಲಿತಾಂಶವು ಪ್ರಕಟವಾದ ಪರಿಶೋಧನೆಯಲ್ಲಿ, ಬೆಳಕಿನ ಕಿರಣದಿಂದ ಒಳಪದರಕ್ಕೆ ಚಿಕಿತ್ಸೆ ಮಾಡಿದ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶವು ಅರ್ಧಕ್ಕಿಂತಲೂ ಕಡಮೆಯಾಯಿತೆಂದು ಗೊತ್ತಾಯಿತು. ೧೯೯೩ರಲ್ಲಿ ಪ್ರಕಟವಾದ ಇನ್ನೊಂದು ಪರಿಶೋಧನೆಯು, ಮೊದಲನೆಯ ಬಗೆಯ ಮಧುಮೇಹಿಗಳು ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಈ ವಿಕಾರವು ಹೊಸದಾಗಿ ಹುಟ್ಟುವ ಸಂಭವವು ಶೇಕಡಾ ೭೬ರಷ್ಟು ಕುಗ್ಗುವುದೆಂದು ತೋರಿಸಿತು. ಇಂಗ್ಲೆಂಡಿನಲ್ಲಿ ೨೦೦೩ರಿಂದ ಮಧುಮೇಹಿಗಳನ್ನು ಕ್ರಮವಾಗಿ ಕರೆದು ಕಣ್ಣಿನ ಛಾಯಾಚಿತ್ರ ತೆಗೆಯುವ ವ್ಯವಸ್ಥೆಯುಂಟಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ದುಡಿಯುವ ವಯಸ್ಸಿನವರ ಅಂಧತ್ವಕ್ಕೆ ಮಧುಮೇಹವು ಪ್ರಥಮ ಕಾರಣವಾಗಿ ಉಳಿದಿಲ್ಲವೆಂದು, ೨೦೦೯-೧೦ರ ಅಂಕಿಗಳನ್ನಾಧರಿಸಿ ೨೦೧೪ರಲ್ಲಿ ವರದಿಯಾಯಿತು. ಐದು ದಶಕಗಳಲ್ಲಿ ಹೀಗಾದುದು ಅದೇ ಮೊದಲು. ಕಣ್ಣೊಳಕ್ಕೆ ಚುಚ್ಚುವ ಔಷಧಗಳಿಂದ ಕೆಲವರ ನೋಟವು ಸುಧಾರಿಸುವುದೂ ಉಂಟು. ಆದರೆ ಕಾಲವು ಮೀರಿದ ಮೇಲೆ ಈ ಉಪಾಯಗಳೆಲ್ಲಕ್ಕೂ ಫಲವು ಅಲ್ಪ.

೫

ಈ ಹಿನ್ನೆಲೆಯಲ್ಲಿ ಕನ್ನಡದಲ್ಲಿ ಬಳಕೆಯಲ್ಲಿರುವ ಮಾತುಗಳನ್ನು ಒಂದೊಂದಾಗಿ ನೋಡಬಹುದು.

ಮೊದಲನೆಯದು ಪೊರೆ. ಇದು ಅಚ್ಚಗನ್ನಡದ ಸುಂದರ ಶಬ್ದ. ಮಸೂರವು ಮಬ್ಬಾಗುವ ರೋಗಕ್ಕೆ ಕಣ್ಣಿನ ಪೊರೆಯೆಂದು ಹೆಸರು. ಪದರವೆಂಬುದೂ ಇದರ ಅರ್ಥ. ರೆಟಿನಾ ಎಂಬುದನ್ನು ಒಳಪೊರೆಯೆಂದು ಯಾರಾದರೂ ಅನುವಾದಿಸಿದರೆ ಓದುಗನಿಗೆ ತೋರುವುದು ಪರಿಚಿತವಾದ ಪೊರೆರೋಗವೇ. ಪೊರೆಯ ವಿಷಯದಲ್ಲಿ ಜನರ ನಂಬಿಕೆಯೇನೆಂದರೆ, ಅದು ಬಲಿತ ಮೇಲೆ ತೆಗೆಸಿದರೆ ಸಾಕು ಎಂಬುದು. ಈ ನಂಬಿಕೆಗೆ ಮೂಲವು ಪ್ರಾಚೀನವಾದುದು: ಕಫಜ ಲಿಂಗನಾಶವು ಚೆನ್ನಾಗಿ ರೂಪುಗೊಂಡು ರೋಗಿಗೆ ಏನೂ ಕಾಣದಂತಾದ ಮೇಲೆಯೇ ಶಲಾಕೆಯಿಂದ ವೇಧಿಸಬೇಕೆಂದು ಅಷ್ಟಾಂಗಹೃದಯದಲ್ಲಿ ವಾಗ್ಭಟನು ಹೇಳುತ್ತಾನೆ. ಅವನ ಕಾಲದ ಶಸ್ತ್ರಕ್ರಿಯೆಗೆ ಅದು ಯುಕ್ತವಾದ ನಿಯಮ. ಅದೇ ಕಾಯುವ ಬುದ್ಧಿಯು ಮಧುಮೇಹಜ ವಿಕಾರಕ್ಕೆ ಬಂದರೆ ಅನರ್ಥ. ಇಲ್ಲಿ ಬಲಿಯುವುದೆಂದರೆ ಕೆಡುವುದು. ಒಂದು ಶಬ್ದದ ಸಾಮ್ಯದಿಂದ ಒಂದು ರೋಗದ ಪಥ್ಯವು ಇನ್ನೊಂದು ರೋಗಕ್ಕೆ ವಿಷವಾಗುತ್ತದೆ.

ಎರಡನೆಯದು ಪಟಲ. ಅಕ್ಷಿಪಟಲವೆಂಬುದು ಪಾಠಪುಸ್ತಕಗಳಲ್ಲಿ ರೆಟಿನಾಕ್ಕೆ ನಿಂತಿರುವ ಶಬ್ದ. ಸುಶ್ರುತನು ಕಣ್ಣಿನಲ್ಲಿ ಹೇಳಿದ ನಾಲ್ಕು ಪಟಲಗಳು ಕ್ರಮವಾಗಿ ತೇಜೋಜಲ, ಮಾಂಸ, ಮೇದಸ್ಸು, ಅಸ್ಥಿಗಳನ್ನು ಆಶ್ರಯಿಸಿದುವು. ಅವುಗಳಲ್ಲಿ ಇದೇ ರೆಟಿನಾ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಆದಕಾರಣ ಅಕ್ಷಿಪಟಲವನ್ನು ಹೊಸ ಪಾರಿಭಾಷಿಕಶಬ್ದವೆಂದು ಭಾವಿಸಿ ಬಳಸಿದರೆ ದೋಷವಿಲ್ಲ. ತಿಮಿರದ ಪ್ರಕರಣದ ಪಟಲವೇ ಇದೆಂದು ಹೇಳಿದರೆ ಮಾತ್ರ ದೋಷ. ಅಕ್ಷಿಪಟಲವು ಶಾಲೆಗಳಲ್ಲಿ ರೂಢವಾಗಿರುವುದರಿಂದ ಅದನ್ನು ಕೀಳುವ ಪ್ರಯತ್ನವು ಅನುಚಿತ.

ಮೂರನೆಯದು ನರ. ಒಳಪದರದ ರೋಗವನ್ನು ಜನರು ಕಣ್ಣಿನ ನರದ ದೋಷವೆನ್ನುತ್ತಾರೆ. ನರವೆಂಬ ಮಾತು ಕನ್ನಡದ ಲೋಕವ್ಯವಹಾರದಲ್ಲಿ ಜ್ಞಾನತಂತುವಿಗೂ ರಕ್ತನಾಳಕ್ಕೂ ಸ್ನಾಯುವಿಗೂ ಸಮಾನವಾಗಿ ಸಲ್ಲುತ್ತದೆ. ನರವು ದುರ್ಬಲವಾಯಿತೆಂದೊಡನೆ ಬಲಕಾರಕವಾದ ಗುಳಿಗೆಯನ್ನೂ ಸೊಪ್ಪನ್ನೂ ಜನರು ಹುಡುಕುತ್ತಾರೆ. ಇಲ್ಲಿ ಕೆಡುವುದು ಮೊದಲಾಗಿ ಸೂಕ್ಷ್ಮವಾದ ರಕ್ತನಾಳ. ಅದು ಕೆಡುವುದಕ್ಕೆ ಕಾರಣ ಸಕ್ಕರೆ, ಅದನ್ನು ಹೆಚ್ಚಿಸುವುದು ರಕ್ತದ ಒತ್ತಡ. ಈ ಕಾರಣಪರಂಪರೆಯನ್ನು ನರಶಬ್ದವು ಮುಚ್ಚಿಬಿಡುತ್ತದೆ.

ನಾಲ್ಕನೆಯದು ಚಾಳೀಸು. ನಲವತ್ತರ ಪ್ರಾಯದಲ್ಲಿ ಹತ್ತಿರದ ಅಕ್ಷರವು ಮಸುಕಾಗುವುದಕ್ಕೂ ಅದಕ್ಕಾಗಿ ಧರಿಸುವ ಕನ್ನಡಕಕ್ಕೂ ಇದೇ ಹೆಸರು. ಹಿಂದಿಯ ನಲವತ್ತರ ಸಂಖ್ಯೆಯಿಂದ ಬಂದದ್ದು. ಪ್ರಾಯಸ್ಥರ ಮಧುಮೇಹವು ಅನೇಕರಲ್ಲಿ ಹೊರಪಡುವ ಕಾಲವೂ ಅದರ ಆಸುಪಾಸೇ. ಚಾಳೀಸು ಬಂದಿತೆಂಬ ಸಮಾಧಾನವು ಎಷ್ಟೋ ಜನರನ್ನು ಅಂಗಡಿಯ ಕನ್ನಡಕದಲ್ಲಿಯೇ ನಿಲ್ಲಿಸಿಬಿಡುತ್ತದೆ.

ಕೊನೆಯದು, ಎಲ್ಲಕ್ಕಿಂತ ನಿರಪರಾಧಿಯಂತೆ ತೋರುವ ಕಣ್ಣಿನ ಪರೀಕ್ಷೆ ಎಂಬ ಮಾತು. ಮಧುಮೇಹಿಗಳು ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡಿಸತಕ್ಕದ್ದೆಂದು ಕರಪತ್ರವು ಹೇಳುತ್ತದೆ. ಓದುಗನು ಕನ್ನಡಕದ ಅಂಗಡಿಗೆ ಹೋಗಿ ಅಕ್ಷರಗಳನ್ನು ಓದಿ, ೬/೬ ಎಂದು ಬರೆಸಿಕೊಂಡು, ಆಜ್ಞೆಯನ್ನು ಪಾಲಿಸಿದ ತೃಪ್ತಿಯಿಂದ ಮನೆಗೆ ಬರುತ್ತಾನೆ. ಕರಪತ್ರದಲ್ಲಿ ಸುಳ್ಳಿಲ್ಲ, ಓದುಗನಲ್ಲಿ ಅಶ್ರದ್ಧೆಯಿಲ್ಲ; ಆದರೂ ಮಾಡಬೇಕಾದ ಪರೀಕ್ಷೆಯು ನಡೆಯಲಿಲ್ಲ. ಅನೇಕಾರ್ಥವಾದ ಶಬ್ದವನ್ನು ವಿಶೇಷಣವಿಲ್ಲದೆ ಪ್ರಯೋಗಿಸಿದುದರ ಫಲವಿದು. ದೃಷ್ಟಿಪರೀಕ್ಷೆಯೆಂದರೂ ಈ ಕಷ್ಟವು ತಪ್ಪದು. ಸುಶ್ರುತನಲ್ಲಿ ದೃಷ್ಟಿಯೆಂಬುದು ಮಸೂರಬೇಳೆಯಷ್ಟು ಪ್ರಮಾಣವುಳ್ಳ ಒಂದು ಅವಯವ. ಇಂದಿನ ಕನ್ನಡದಲ್ಲಿ ಅದು ನೋಡುವ ಶಕ್ತಿ. ಯಾವುದನ್ನು ಪರೀಕ್ಷಿಸುವುದೆಂಬ ಸಂದೇಹವು ಉಳಿದೇ ಇರುತ್ತದೆ.

೬

ಹೀಗೆ ತಿಮಿರಶಬ್ದವನ್ನು ನಿರಾಕರಿಸಿದರೆ ಶಾಸ್ತ್ರವನ್ನೇ ತಿರಸ್ಕರಿಸಿದಂತಾಗುವುದೆಂದು ಕೆಲವರು ಖೇದಪಡಬಹುದು. ವಸ್ತುಸ್ಥಿತಿಯು ಇದಕ್ಕೆ ವಿರುದ್ಧವಾಗಿದೆ. ರೋಗವನ್ನು ತಿಳಿಯುವ ಉಪಾಯಗಳು ಆರು ವಿಧವೆಂದೂ, ಪಂಚೇಂದ್ರಿಯಗಳು ಐದು, ಪ್ರಶ್ನೆಯು ಆರನೆಯದೆಂದೂ ಸುಶ್ರುತನು ಸೂತ್ರಸ್ಥಾನದಲ್ಲಿ ಹೇಳುತ್ತಾನೆ. ರೋಗಿಯನ್ನು ಕೇಳುವುದು ಆರರಲ್ಲಿ ಒಂದು ಮಾತ್ರ. ಚರಕನು ವಿಮಾನಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಇನ್ನೂ ಸೂಕ್ಷ್ಮವಾಗಿ ವಿವೇಚಿಸುತ್ತಾನೆ. ರೋಗಿಯ ಬಾಯಿಯ ರುಚಿಯನ್ನು ಪ್ರಶ್ನೆಯಿಂದಲೇ ತಿಳಿಯಬೇಕು. ಆದರೆ ಶರೀರದ ಮಾಧುರ್ಯವನ್ನು ವೈದ್ಯನು ನಾಲಿಗೆಯಿಂದ ಅರಿಯಲಾರನಾದುದರಿಂದ, ನೊಣಗಳು ಮುತ್ತುವುದನ್ನು ನೋಡಿ ಅನುಮಾನದಿಂದ ಅರಿಯಬೇಕೆಂಬುದು ಅಲ್ಲಿಯ ತಾತ್ಪರ್ಯ. ಪ್ರಮೇಹದ ಪೂರ್ವರೂಪಗಳಲ್ಲಿಯೂ ಶರೀರಮೂತ್ರಗಳಿಗೆ ಇರುವೆಗಳು ಬರುವುದನ್ನು ಅವನು ಹೇಳಿದ್ದಾನೆ. ಅಂದರೆ ಮಧುಮೇಹವೆಂಬ ರೋಗದಲ್ಲಿಯೇ, ರೋಗಿಯು ಹೇಳಲಾರದುದನ್ನು ಬೇರೆ ಚಿಹ್ನೆಯಿಂದ, ಮೊದಲೇ, ಕಂಡುಕೊಳ್ಳಬೇಕೆಂಬ ತತ್ತ್ವವನ್ನು ಶಾಸ್ತ್ರವು ಸ್ಥಾಪಿಸಿದೆ. ಒಳಪದರದ ರಕ್ತದ ಕಲೆಗೂ ಚರಕನ ಇರುವೆಗೂ ಪರೀಕ್ಷಾಕ್ರಮದಲ್ಲಿ ಸಮಾನಸ್ಥಾನ. ಎರಡೂ ರೋಗಿಯ ವೇದನೆಗೆ ಮುಂಚಿತವಾದ ಸಾಕ್ಷಿಗಳು. ಪಾಪೆಯನ್ನು ಹಿಗ್ಗಿಸಿ ಒಳಗನ್ನು ನೋಡುವ ಪರೀಕ್ಷೆಯನ್ನು ಒತ್ತಾಯಪಡಿಸುವವನು ಚರಕನ ಮಾರ್ಗದಲ್ಲಿಯೇ ಇದ್ದಾನೆ. ಮಸುಕಾಗುವ ತನಕ ಕಾಯಿರೆಂದು ತಿಮಿರಲಕ್ಷಣವನ್ನು ಮುಂದಿಡುವವನು ಚರಕನ ಶಬ್ದಗಳ ನಡುವೆ ಇದ್ದರೂ ಅವನ ಮಾರ್ಗದಲ್ಲಿಲ್ಲ.

ಹೆಸರಿನ ವಿಷಯದಲ್ಲಿಯೂ ಆಚಾರ್ಯನ ಅನುಮತಿಯು ಸ್ಪಷ್ಟವಾಗಿದೆ. ಸೂತ್ರಸ್ಥಾನದ ಹದಿನೆಂಟನೆಯ ಅಧ್ಯಾಯದಲ್ಲಿ, ಎಲ್ಲ ವಿಕಾರಗಳಿಗೂ ಸಿದ್ಧವಾದ ಹೆಸರುಗಳಿಲ್ಲವಾದುದರಿಂದ ಹೆಸರು ತಿಳಿಯದ ವೈದ್ಯನು ನಾಚಬೇಕಾಗಿಲ್ಲವೆಂದು ಅವನು ಹೇಳುತ್ತಾನೆ. ಹೆಸರಿಲ್ಲದ ರೋಗಕ್ಕೆ ಇನ್ನೊಂದರ ಹೆಸರನ್ನು ತೊಡಿಸುವುದಕ್ಕಿಂತ ಹೆಸರಿಲ್ಲವೆಂದು ಒಪ್ಪುವುದು ಲೇಸು.

ಇನ್ನು ಕರ್ತವ್ಯವೇನು? ಪಂಡಿತರ ಗ್ರಂಥಗಳಲ್ಲಿ ರೋಗಕ್ಕೆ ಮಧುಮೇಹಜ ಅಕ್ಷಿಪಟಲವಿಕಾರವೆಂಬುದು ಸಲ್ಲುತ್ತದೆ. ಕಾರಣ, ಸ್ಥಾನಗಳೆರಡೂ ಅದರಲ್ಲಿ ಸ್ಫುಟವಾಗಿವೆ. ಮೊದಲನೆಯ ಪರೀಕ್ಷೆಗೆ ದೃಷ್ಟಿಶಕ್ತಿಪರೀಕ್ಷೆ, ಎರಡನೆಯದಕ್ಕೆ ಅಕ್ಷಿಪಟಲಪರೀಕ್ಷೆ ಎಂದು ನಿಯತವಾಗಿ ಬಳಸಿದರೆ ಸಂಕರವು ತಪ್ಪುವುದು. ಆದರೆ ಕರಪತ್ರಕ್ಕೆ ಇಷ್ಟು ದೀರ್ಘವಾದ ಸಮಾಸಗಳು ಹೊಂದುವುದಿಲ್ಲವೆಂಬ ಆಕ್ಷೇಪವು ಸಾಧುವಾದುದು. ಅಲ್ಲಿ ಅಕ್ಷರ ಓದಿಸುವ ಪರೀಕ್ಷೆ, ಕಣ್ಣಿನ ಒಳಗನ್ನು ನೋಡುವ ಪರೀಕ್ಷೆ ಎಂದರೆ ಸಾಕು. ಇವುಗಳಲ್ಲಿ ಅರಿಯದ ಶಬ್ದವೊಂದೂ ಇಲ್ಲ. ಒಂದನ್ನು ಇನ್ನೊಂದೆಂದು ತಿಳಿಯುವುದೂ ಸಾಧ್ಯವಿಲ್ಲ. ರೆಟಿನಾ ಎಂಬ ಅನ್ಯದೇಶ್ಯವನ್ನು ಹಾಗೆಯೇ ಉಳಿಸಿಕೊಳ್ಳುವುದಕ್ಕೂ ಶುದ್ಧಿವಾದಿಗಳು ಅಂಜಬೇಕಾಗಿಲ್ಲ. ಅಪರಿಚಿತಶಬ್ದವು ಓದುಗನನ್ನು ಅರ್ಥವೇನೆಂದು ಕೇಳುವಂತೆ ಮಾಡುತ್ತದೆ. ಪರಿಚಿತವಾದ ತಪ್ಪುಶಬ್ದವು ಕೇಳದಂತೆ ಮಾಡುತ್ತದೆ.

ಭಾಷೆಯನ್ನು ಕಲಿಸುವ ಅಧ್ಯಾಪಕರಿಗೂ ಇದರಲ್ಲಿ ಪಾತ್ರವಿದೆ. ಅನೇಕಾರ್ಥಶಬ್ದಗಳನ್ನೂ ಲಕ್ಷಣದೋಷಗಳನ್ನೂ ಪಾಠಹೇಳುವಾಗ ಪೂರ್ವಕಾವ್ಯಗಳ ಉದಾಹರಣೆಗಳೊಡನೆ ಇಂತಹ ಕರಪತ್ರದ ವಾಕ್ಯವೊಂದನ್ನು ಕೊಟ್ಟು ವಿದ್ಯಾರ್ಥಿಗಳಿಂದ ತಿದ್ದಿಸುವುದು ಉಪಯುಕ್ತ. ಆ ವಾಕ್ಯದಲ್ಲಿ ಇರಲೇಬೇಕಾದ ಅಂಶಗಳು ಕೆಲವೇ: ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ಒಳಗನ್ನು ನೋಡುವ ಪರೀಕ್ಷೆಯು ಬೇಕು, ಪ್ರಾಯಸ್ಥರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯ ಮಧುಮೇಹವಾದರೆ ಅದು ಗೊತ್ತಾದ ಕೂಡಲೆ ಒಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅಥವಾ ವೈದ್ಯರು ಹೇಳಿದ ಅವಧಿಗೊಮ್ಮೆ ಅದನ್ನು ಮಾಡಿಸಬೇಕು, ಮೊದಲನೆಯ ಬಗೆಯಾದರೆ ಐದು ವರ್ಷಗಳೊಳಗೆ ಆರಂಭಿಸಬೇಕು, ಮಧುಮೇಹವಿದ್ದು ಗರ್ಭಿಣಿಯಾದವರು ಮೊದಲ ತಿಂಗಳುಗಳಲ್ಲಿಯೇ ಮಾಡಿಸಬೇಕು, ಇದ್ದಕ್ಕಿದ್ದಂತೆ ಚುಕ್ಕೆ, ಪರದೆ, ಮಸುಕುಗಳು ಕಂಡರೆ ಅವಧಿಯನ್ನು ಕಾಯದೆ ಕೂಡಲೆ ಹೋಗಬೇಕು, ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿದ್ದು ಈ ಪರೀಕ್ಷೆಯಲ್ಲ. ಇಷ್ಟನ್ನು ಸಂಶಯಕ್ಕೆಡೆಯಿಲ್ಲದ ಕನ್ನಡದಲ್ಲಿ ಬರೆಯುವುದು ಸೋಮನಾಥ ಮಂಗರಾಜರು ಆರಂಭಿಸಿದ ಕಾರ್ಯದ ಮುಂದುವರಿಕೆಯೇ ಆಗಿದೆ. ಪರಿಭಾಷೆಯನ್ನು ನಿರ್ಣಯಿಸುವ ವಿದ್ವಾಂಸರು ತಿಮಿರಾದಿ ಶಬ್ದಗಳನ್ನು ಅವುಗಳ ಪ್ರಕರಣದಲ್ಲಿ ಗೌರವದಿಂದ ಉಳಿಸಿ, ಈ ಎರಡು ಪರೀಕ್ಷೆಗಳ ಭೇದವನ್ನು ಮೊದಲು ಸ್ಥಿರಪಡಿಸುವುದು ಯುಕ್ತವಾಗಿ ತೋರುತ್ತದೆ.